ಇಪ್ಪತ್ತೊಂದು ಡಿಗ್ರಿ

ಮನೆಯ ಶಾಖದ ದರ್ಜೆ ತಾನೇ ಲೆಕ್ಕ ಹಾಕುವೆನೆಂದು
ಡರ್ವ್ಲಾ ಟೇಪು ಹಿಡಿದಳು, ಆ ತುದಿಗೆ ಮಗ.
ಗೋಡೆ: ಒಂದೂವರೆ ಅಡಿ ಕಲ್ಲು, ಒಳಗೇನಿದೆಯೋ ದೇವರೇ ಬಲ್ಲ.
ಕಿಟಕಿ: ಒಂಟಿ ಗಾಜು. ಬಾಯ್ಲರು: ಮಗನಿಗಿಂತ ಹಿರಿದು.
ಬಾಗಿಲ ಸಂದಿಗೆ ಮೇಣದಬತ್ತಿ ಒಡ್ಡಿದರೆ
ಜ್ವಾಲೆ ಒಳಕ್ಕೆ ಬಾಗಿ
ಲೈಟ್ರಿಮ್‌ನ ಗಾಳಿಗೆ ದಾರಿ ಬಿಟ್ಟಿತು.

ಎಲ್ಲ ತುಂಬಿದ ಮೇಲೆ ಲೆಕ್ಕದ ಹಾಳೆ ಉಸುರಿತು: ಎಫ್.
‘ನನ್ನ ಗಣಿತವೂ ಅಷ್ಟೇ’ ಎಂದ ಮಗ.

ಅವಳು ಕೆಳಗಿನ ಸಣ್ಣಕ್ಷರ ಓದುತ್ತಿದ್ದಳು:
ಕೂರುವ ಕೋಣೆ ಇಪ್ಪತ್ತೊಂದು ಡಿಗ್ರಿ,
ಉಳಿದದ್ದೆಲ್ಲ ಹದಿನೆಂಟು ಎಂದು ಭಾವಿಸಲಾಗಿದೆ.
ಭಾವಿಸಿದವರ ಹೊಟ್ಟೆ ತಣ್ಣಗಿರಲಿ!

ಹಾಳೆಯೊಳಗೆ ಯಾರೋ ಒಬ್ಬಳು
ಇದೇ ಮನೆಯಲ್ಲಿ, ಇದೇ ಅಳತೆಯಲ್ಲಿ
ಬರಿಗಾಲಲ್ಲಿ ಕೋಣೆಯಿಂದ ಕೋಣೆಗೆ ಓಡಾಡುತ್ತಾಳೆ.

ಡರ್ವ್ಲಾ ಎರಡನೇ ಜೊತೆ ಕಾಲುಚೀಲ ಏರಿಸಿಕೊಂಡು
ಅವಳ ವರ್ಷದ ಬಿಲ್ಲು ನೋಡಿದಳು.
ಪಾಪ, ಅಂದಳು.