ಮೂರನೆಯ ಮಂಗಳವಾರ

ಈ ಊರಲ್ಲಿ ಹಿಮ ಬೀಳುವುದು ಸುದ್ದಿಯಲ್ಲ.
ಬಿದ್ದ ಹಿಮವನ್ನು ಯಾರ ಬಾಗಿಲಿಗೆ ಗುಡ್ಡೆ ಹಾಕಿದರು,
ಅದು ಸುದ್ದಿ. ಅದಕ್ಕೇ ನಗರಸಭೆ.
ತಿಂಗಳ ಮೂರನೆಯ ಮಂಗಳವಾರ, ಸಂಜೆ ಆರೂವರೆಗೆ
ಸುಪೀರಿಯರ್ ಸರೋವರದ ಕಡೆಯ ಕಿಟಕಿ ಮುಚ್ಚಿ
ನಡಾವಳಿ ಬರೆಯಲು ಕೂರುತ್ತೇನೆ.
ಇಪ್ಪತ್ತೆರಡು ವರ್ಷವಾಯಿತು.
ನಾನು ಇಲ್ಲಿ ಹೊಸಬಳು.

ಹಳಬರೆಂದರೆ ಅವರಿಬ್ಬರು.
ಏಳನೇ ವಾರ್ಡಿನ ಒತ್ತಾವಿಯೊ ಪಾಸ್ಕುಟ್ಸಿ,
ಹತ್ತನೇ ವಾರ್ಡಿನ ಹಿಲ್ಕಾ ರೌನಿಯೊ.
ಗೋಧಿ ತುಂಬಲು ಹಡಗುಗಳು ಸರದಿ ನಿಲ್ಲುತ್ತಿದ್ದ ಕಾಲಕ್ಕೆ
ಒಂದೇ ಚುನಾವಣೆಯಲ್ಲಿ ಗೆದ್ದು ಬಂದವರು.
ಮೂವತ್ತೊಂದು ವರ್ಷ ಅಕ್ಕಪಕ್ಕದ ಕುರ್ಚಿ,
ಎಣ್ಣೆ ಸೀಗೆಕಾಯಿ.

ರಸ್ತೆಗೆ ಆಕೆ ಮರಳು ಎಂದರೆ ಈತ ಉಪ್ಪು.
ಆಕೆ ರಾತ್ರಿ ಬಸ್ಸೆಂದರೆ ಈತ,
'ದುಡ್ಡು? ದುಡ್ಡು ಯಾರಪ್ಪನ ಮನೇದು?'
ಆಕೆ ಮಾತಿಗೆ ಎದ್ದ ಕೂಡಲೇ
ಎಲ್ಲರಿಗೂ ಕಾಣುವಂತೆ ಕಿವಿಯ ಯಂತ್ರ ಆರಿಸಿಕೊಳ್ಳುತ್ತಿದ್ದ.
ಮುಗಿದ ಮೇಲೆ ಆಕೆಯೇ ಬೆರಳಲ್ಲಿ ಮೇಜು ಕುಟ್ಟಿ
'ಆಯ್ತು, ಹಾಕ್ಕೋ' ಎನ್ನುತ್ತಿದ್ದಳು.
ಅದನ್ನು ನಾನು ಬರೆದಿಲ್ಲ.
ಆಕೆ ಮನೆಯಿಂದ ತರುವ ಏಲಕ್ಕಿ ಬ್ರೆಡ್ಡಿನ ಜಡೆಯಲ್ಲಿ
ತುದಿಯ ಗಂಟು ಈತನದು ಎಂಬುದೂ
ಯಾವ ಠರಾವಿನಲ್ಲೂ ಇಲ್ಲ.

ಹೆಸರು ಕರೆಯುವುದು ಅಕ್ಷರದ ಸರದಿಯಲ್ಲಿ.
ಪ ಆದಮೇಲೆ ರ. ನಡುವೆ ತೂರುವ ಹೆಸರಿನವರು
ಇಷ್ಟು ವರ್ಷ ಯಾರೂ ಗೆದ್ದು ಬರಲಿಲ್ಲ.
ಪಾಸ್ಕುಟ್ಸಿ? ವಿರೋಧ.
ರೌನಿಯೊ? ಪರ.
ಹಳೆಯ ಕಡತಗಳಲ್ಲಿ ಹುಡುಕಿದ್ದೇನೆ,
ಇಬ್ಬರ ಮತ ಒಂದೇ ಕಡೆ ಬಿದ್ದದ್ದು ಎರಡೇ ಸಲ.
ಒಮ್ಮೆ, ಅಲೆತಡೆಯ ಗೋಡೆಯಿಂದ ಜಾರಿಹೋದ ಹುಡುಗನ ಸಂತಾಪಕ್ಕೆ.
ಇನ್ನೊಮ್ಮೆ, ಯಂತ್ರದ ಬ್ಯಾಟರಿ ಮುಗಿದು.

ಒಳ್ಳೆಯದನ್ನೇ ಮಾಡಿದರು ಎನ್ನಲಾರೆ.
ಬಂದರಿನ ಗ್ರಂಥಾಲಯ ಮುಚ್ಚಿದ್ದು ಈತನ ಒಂದು ಮತದಿಂದ.
ಆಕೆ ಹಟ ಹಿಡಿದು ಕಟ್ಟಿಸಿದ ಕಾಲುಸೇತುವೆಯಲ್ಲಿ
ಈಗಲೂ ಓಡಾಡುವುದು ನರಿಗಳು.
ಆದರೆ ಬೆಳಗಿನ ಜಾವ ಐದಕ್ಕೆ ಮೋರಿ ಕಟ್ಟಿಕೊಂಡರೆ
ಈ ಊರಿಗೆ ಬಾಯಿಪಾಠವಿದ್ದ ಫೋನ್ ನಂಬರು
ಎರಡೇ ಎರಡು.
ರಾತ್ರಿಯ ಅಂಗಿಯ ಮೇಲೆ ಕೋಟು ಏರಿಸಿ ಆಕೆ ಬರುತ್ತಿದ್ದಳು.
ಈತ ಸಲಿಕೆಯೊಂದಿಗೆ ಹಿಮದ ಗಾಡಿಗೆ ಅಡ್ಡ ನಿಂತು
ಕಲಾಬ್ರಿಯಾದ ಅಜ್ಜಿಯಿಂದ ಕಲಿತದ್ದನ್ನೆಲ್ಲ ಬೈಯುತ್ತಿದ್ದ.
ಬಡ್ಡಿಗೆ ಬಿಟ್ಟ ಹಣದಂತೆ, ನಾಲ್ಕು ವರ್ಷಕ್ಕೊಮ್ಮೆ
ಅದು ಮತವಾಗಿ ವಾಪಸು ಬರುತ್ತಿತ್ತು.

ಫೆಬ್ರವರಿಯಲ್ಲಿ ಪಾಸ್ಕುಟ್ಸಿ ಹೋದ.
ನೆಲ ಕಲ್ಲಾಗಿತ್ತು. ಮಣ್ಣು ಮಾಡಲು ವಸಂತಕ್ಕೆ ಕಾಯಬೇಕು.
ಮಾರ್ಚಿನ ಮೂರನೆಯ ಮಂಗಳವಾರ,
ವಿಷಯ ಸಂಖ್ಯೆ ಆರು: ಔಷಧಿ ಅಂಗಡಿಯ ಎದುರಿನ ಬಸ್ ನಿಲ್ದಾಣ
ಹನ್ನೆರಡು ಮೀಟರ್ ಪೂರ್ವಕ್ಕೆ.
ಪಟ್ಟಿಯನ್ನು ನಾನೇ ತಿದ್ದಿದ್ದೆ. ನಾಲಿಗೆಯನ್ನು ತಿದ್ದಿರಲಿಲ್ಲ.
'ಪಾಸ್ಕುಟ್ಸಿ?'

ಹೀಟರಿನ ಕೊಳವೆ ಒಳಗೊಳಗೇ ಟಕ್ ಎಂದಿತು.
ಮೇಯರ್ ಕನ್ನಡಕ ತೆಗೆದರು.
ಪಕ್ಕದ ಕುರ್ಚಿಯಿಂದ,
ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಲೇ, ತಲೆಯೆತ್ತದೆ,
'ವಿರೋಧ' ಎಂದಳು.
'ರೌನಿಯೊ?'
'ಪರ.'
ಇದು ನಿಯಮದಲ್ಲಿ, ಎಂದು ಮೇಯರ್ ಶುರುಮಾಡಿದರು.
'ಅವನು ಇನ್ನೇನಂತಿದ್ದ?
ಬರ್ಕೋಬೇಡ, ಬಿಡು.'

ಬರೆದೆ, ಹೊಡೆದುಹಾಕಿದೆ.
ಒಂಬತ್ತಕ್ಕೆ ಒಂದು, ಅಂಗೀಕಾರ.
ಮುಂದಿನ ವಿಷಯ ಚರಂಡಿ ತೆರಿಗೆ.
ಮೇಜಿಗೆ ಕೈಯೂರಿ ಆಕೆ ಮಾತಿಗೆ ಎದ್ದಳು.
ಯಾರೂ ಕಿವಿ ಆರಿಸಿಕೊಳ್ಳಲಿಲ್ಲ.
ಎಲ್ಲರೂ ಪೂರ್ತಿ ಗಮನವಿಟ್ಟು ಕೇಳಿದರು.
ಅದಕ್ಕೇ ಇರಬೇಕು,
ಎರಡು ಮಾತಿಗೆ ಕೂತುಬಿಟ್ಟಳು.