ವಿಲೇವಾರಿ ಪಟ್ಟಿ

ಅರಸೀಕೆರೆ ನಗರಸಭೆ ಪಾರ್ಕಿನ ಭೂತಬಂಗಲೆ
ಬಂಗಲೆಯೇನಲ್ಲ. ರೈಲ್ವೆಯವರು ಬಿಸಾಕಿದ ತಗಡು,
ಹಳೇ ಸ್ಲೀಪರಿನ ಮರ, ಒಳಗೆ ಸುರುಳಿ ಸುತ್ತಿದ ಹಳಿ,
ಹಳಿಯ ಮೇಲೆ ಇಬ್ಬರು ಕೂರುವ ಡಬ್ಬಿ.
ಟಿಕೀಟು ಎರಡು ರೂಪಾಯಿ.
ಬಾಗಿಲಿಗೆ ಬಳಿದ ರಾಕ್ಷಸನಿಗೆ
ಪೇಂಟರ್ ಚಂದ್ರಾಚಾರಿ ತನ್ನ ಮಾವನ ಮೀಸೆ ಇಟ್ಟಿದ್ದ;
ಮಾವ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಒಳಗೆ ಕತ್ತಲು.
ಒದ್ದೆ ಗೋಣಿನಾರು ಮುಖ ಸವರುವುದು,
ಬಿಳಿ ಪಂಚೆ ಹಗ್ಗದ ಮೇಲೆ ಸರ್ರನೆ ಬರುವುದು,
ಮೂಲೆಯಲ್ಲಿ ಕೆಂಪು ಕಾಗದ ಸುತ್ತಿದ ಬಲ್ಬು
ಹತ್ತಿ ಆರುವುದು, ಒಮ್ಮೊಮ್ಮೆ ಹತ್ತದೆಯೇ.
ದೆವ್ವಕ್ಕೆ ಕೆಮ್ಮಿತ್ತು. ಬೀಡಿಯ ವಾಸನೆಯಿತ್ತು.
ನಾರು, ಪಂಚೆ, ಡಬ್ಬಿ ಎಳೆಯುವ ಹಗ್ಗ
ಎಲ್ಲ ಹಯಾತ್ ಸಾಬರ ಎರಡೇ ಕೈಯಲ್ಲೆಂದು
ಊರಿಗೇ ಗೊತ್ತಿತ್ತು.
ಗೊತ್ತಿದ್ದೂ ಹೆದರುತ್ತಿದ್ದೆವು.

ಸಂಜೆ ಆರೂ ಮುಕ್ಕಾಲರ ಟ್ರಿಪ್ಪಿಗೆ ನೂಕುನುಗ್ಗಲು.
ಆಗ ಬೀರೂರಿನ ಕಡೆಯಿಂದ ಗೂಡ್ಸು ಬರುತ್ತಿತ್ತು,
ತಗಡೆಲ್ಲ ತಾನೇ ತಾನಾಗಿ ಗಡಗಡ,
ಕೂತ ಹಲಗೆಯೂ.
ಆ ಗುಡುಗಿಗೆ ಸಾಬರು ಬೇರೆ ಚಾರ್ಜು ಮಾಡುತ್ತಿರಲಿಲ್ಲ.

ನನಗೆ ಏಳು. ಡಬ್ಬಿಯಲ್ಲಿ ಪಕ್ಕ ಯಾರೂ ಇಲ್ಲ;
ಅಣ್ಣ ಕೊನೇ ಗಳಿಗೆಯಲ್ಲಿ ಉಚ್ಚೆ ಅಂತ ಓಡಿದ್ದ.
ಎರಡನೇ ತಿರುವಿನಲ್ಲಿ ಉಸಿರು ಸಿಕ್ಕಿಕೊಂಡಿತು,
ಕೂಗಲೂ ಆಗಲಿಲ್ಲ.
ಕೂಗದಿದ್ದದ್ದು ಹೇಗೆ ಕೇಳಿಸಿತೋ,
ಡಬ್ಬಿ ನಿಂತಿತು. ಕತ್ತಲು ಹೇಳಿತು:
"ನಾನೇ ಕಣವ್ವ, ಹಯಾತು. ಕಣ್ಣು ಬಿಡು.
ಇಗಾ, ಪಂಚೆ. ಮುಟ್ಟು ಬೇಕಾರೆ."
ಮುಟ್ಟಿದೆ. ನೀಲಿ ಹಾಕಿ ಒಗೆದ ಪಂಚೆ.
ಹೊರಗೆ ಬಂದು ಅಣ್ಣನಿಗೆ ಹೇಳಿದೆ, ಭಾಳ ಭಯಂಕರ.
ಸಾಬರು ಕಿಂಡಿಯಿಂದ ನೋಡಿ
ಹೌದೆಂದು ತಲೆಯಾಡಿಸಿದರು.

ಈಗ ನಾನು ಅದೇ ನಗರಸಭೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿ.
ಆಧುನೀಕರಣದ ಕಡತ ನನ್ನ ಮೇಜಿಗೇ ಬಂತು.
ದುಂಡಗೆ ಬರೆದೆ:
ಸದರಿ ರಚನೆಯು ಶಿಥಿಲವಾಗಿದ್ದು, ಸಾರ್ವಜನಿಕ ಹಿತದೃಷ್ಟಿಯಿಂದ
ತೆರವುಗೊಳಿಸಬಹುದೆಂದು ಮಾನ್ಯರ ಅವಗಾಹನೆಗೆ.
ಸುಳ್ಳಲ್ಲ. ತುಕ್ಕು ಹಿಡಿದಿತ್ತು,
ಒಂದು ಮಗುವಿನ ಮೊಣಕೈ ತರಚಿ ಇಂಜೆಕ್ಷನ್ನೂ ಆಗಿತ್ತು.
ವಿಲೇವಾರಿ ಪಟ್ಟಿಯೂ ನನ್ನದೇ ಅಕ್ಷರ.
ತಗಡು, ತೂಕದ ಲೆಕ್ಕ.
ಡಬ್ಬಿ, ನಾಲ್ಕು.
ಅಸ್ಥಿಪಂಜರ, ಥರ್ಮೋಕೋಲ್, ಒಂದು, ಎಡಗಾಲಿಲ್ಲ.
ಗೋಣಿನಾರು, ಒಂದು ಕಟ್ಟು, ಬೆಲೆ ಇಲ್ಲ.
ದಿನಗೂಲಿ ನೌಕರ, ಒಬ್ಬರು:
ಅದು ಬೇರೆ ಕಡತ, ಬೇರೆ ಮೇಜು.

ಹೊಸದಕ್ಕೆ ಗಾಜಿನ ಬಾಗಿಲು, ಎಸಿ, ನೂರೈವತ್ತು ರೂಪಾಯಿ.
ಚಪ್ಪಲಿ ಬಿಚ್ಚಿಟ್ಟು, ಕಣ್ಣಿಗೆ ಡಬ್ಬದಂಥ ಕನ್ನಡಕ ಕಟ್ಟಿಕೊಂಡು
ಕೂತರೆ ಕುರ್ಚಿ ಅಲುಗುತ್ತದೆ.
ಎಲ್ಲಿಯದೋ ಕೋಟೆ, ಎಲ್ಲಿಯದೋ ಹಿಮ,
ನೀಟಾಗಿ ಬಾಚಿದ ಕೂದಲಿನ ಹೆಣ್ಣುದೆವ್ವ
ಇಂಗ್ಲಿಷಿನಲ್ಲಿ ಅಳುತ್ತದೆ.
ಚೆನ್ನಾಗಿಯೇ ಇದೆ ಅನ್ನಬೇಕು. ಒಂದು ಬಲ್ಬೂ ತಪ್ಪುವುದಿಲ್ಲ.
ನಾಲ್ಕು ನಿಮಿಷ ಹತ್ತು ಸೆಕೆಂಡು,
ಎಲ್ಲರಿಗೂ ಒಂದೇ ಅಳತೆಯ ಭಯ.

ನನ್ನ ಚಾರ್ವಿಗೂ ಏಳು.
ಕುರ್ಚಿಯ ಹಿಡಿಯ ಮೇಲೆ ಅವಳ ಬೆರಳು ಬೆಳ್ಳಗಾದದ್ದು
ಗಾಜಿನಾಚೆಯಿಂದ ಕಂಡೆ. ಕೂಗಲಿಲ್ಲ ಅವಳು.
ಬಟನ್ನಿನ ಹುಡುಗ ಮೊಬೈಲು ನೋಡುತ್ತಿದ್ದ.
ನಿಲ್ಲಿಸಪ್ಪ, ಅಂದೆ.
"ಮಧ್ಯ ನಿಲ್ಸೋಕೆ ಆಪ್ಷನ್ ಇಲ್ಲ ಮೇಡಂ."

ಅಷ್ಟರಲ್ಲಿ ಗೂಡ್ಸು ಬಂತು. ಗೋಡೆಗೆ ಕೈಯಿಟ್ಟು ನೋಡಿದೆ,
ಮಿಸುಕಲಿಲ್ಲ.
ಚಪ್ಪಲಿ ಬಿಚ್ಚದೆ ಒಳಗೆ ನುಗ್ಗಿದೆ,
ನಾನೇ ಕಣೆ, ಅಂದೆ. ಕಿವಿಗೆ ಹೆಡ್‌ಫೋನು.
ಕೈ ಮುಟ್ಟಿದೆ.
ಕಿಟಾರನೆ ಕಿರುಚಿದಳು,
ಆ ಕಟ್ಟಡ ಉದ್ಘಾಟನೆಯಾದಾಗಿನಿಂದ ಯಾರೂ ಕಿರುಚಿರದ ಹಾಗೆ.
ಹುಡುಗ ಮೊಬೈಲಿನಿಂದ ತಲೆ ಎತ್ತಿದ.

ದಾರಿಯಲ್ಲಿ ಕಡ್ಲೆಕಾಯಿ ಸುಲಿಯುತ್ತ ಹೇಳಿದಳು,
"ಎಲ್ಲ ಬೋರು ಕಣಮ್ಮ. ಒಂದು ತಣ್ಣನೆ ಕೈ ಬಂತಲ್ಲ,
ಅದೊಂದು ನಿಜವಾಗ್ಲೂ ದೆವ್ವ."
ನಾನು ಹೌದೆಂದು ತಲೆಯಾಡಿಸಿದೆ.

ಹಯಾತ್ ಸಾಬರಿಗೆ ಇದನ್ನು ಹೇಳಬೇಕು.
ಅವರ ಕಡತ ಈಗ ಯಾವ ಮೇಜಿನಲ್ಲಿದೆಯೋ.