ಹುದುಗು

ಹತ್ತು ನಿಮಿಷ ಕೂತಿರು ಅಂದಳು ನರ್ಸ್ ಜೆರೋಟಿಚ್,
ಹತ್ತಿ ಸುತ್ತಿದ ಕಡ್ಡಿಯನ್ನು ದ್ರವದಲ್ಲಿ ಅದ್ದಿ.

ಹತ್ತು ನಿಮಿಷ ಅಪೊಂಡಿಗೆ ಗೊತ್ತು:
ಮಂದಾಜಿ ಕರಿಯಲು ಎಣ್ಣೆ ಕಾಯುವಷ್ಟು.
ಹೋದ ವರ್ಷ ಸೀಸೆ ಕಿಸುಮುವಿಗೆ ಹೋಗಿತ್ತು,
ಉತ್ತರ ಬರಲೇ ಇಲ್ಲ.
ಮಾತ್ರೆ ಬಂತು, ಮೂರು ಸಲ,
ಬೇರೆ ಯಾವುದೋ ರೋಗದ್ದು.
ಅತ್ತೆ ಲೋಟ ಬೇರೆ ಇಟ್ಟಳು.
ಗಂಡ ಏನೂ ಕೇಳಲಿಲ್ಲ;
ಕೇಳದೆಯೇ ದೋಣಿಯಲ್ಲಿ ಮಲಗಿದ.

ಕಿಟಕಿಯಾಚೆ ಸರೋವರ, ಒಣಗಲು ಹರವಿದ ಮೀನು.
ಉರಿಯನ್ನು ತೊಡೆ ಬಿಗಿದು ಕೂರಿಸಿದ್ದಾಳೆ
ಹಟದ ಮಗುವಿನ ಹಾಗೆ.

ಪಟ್ಟಿಯ ಮೇಲೆ ಗೆರೆ. ತೆಳು, ಗುಲಾಬಿ.

"ನಿನ್ನ ಹಿಟ್ಟು ಉಬ್ಬಿಸುತ್ತದಲ್ಲ,
ಅದರ ದಾಯಾದಿ ಇದು.
ಯಾರೂ ಕೊಟ್ಟದ್ದಲ್ಲ."

ಅಪೊಂಡಿ ನಗಲಿಲ್ಲ.
ಆ ಪಟ್ಟಿ ಕೊಡುತ್ತೀಯಾ, ಕೇಳಿದಳು,
ಅತ್ತೆಗೆ ಓದು ಬಾರದು,
ಗೆರೆ ಕಾಣುತ್ತದೆ.